ಸಿಂಗಲ್ ಸ್ಪೀಡ್ ಎಂಟಿಬಿ: ಚೈನು ಬಿದ್ದರೆ, ಜಾರಿದರೆ, ಕಿರುಗುಟ್ಟಿದರೆ ಮೊದಲು ಎಲ್ಲಿ ನೋಡಬೇಕು

ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದ ದಾರಿ. ಜೀಪಿನ ಎರಡು ಜಾಡು, ನಡುವೆ ಹುಲ್ಲು, ಅದರ ಮೇಲೆ ಮಳೆಗೆ ಕೊಳೆತ ಸಿಲ್ವರ್ ಓಕ್ ಎಲೆ. ಏರು ಬಂತು ಅಂತ ಸೀಟಿನಿಂದ ಎದ್ದು ನಿಂತು ಇಡೀ ಮೈಭಾರ ಬಲ ಪೆಡಲ್ ಮೇಲೆ ಹಾಕಿದೆ. ಕಡಕ್ ಅಂತ ಒಂದು ಸದ್ದು. ಪೆಡಲ್ ಕುಸಿಯಿತು, ಮೊಣಕಾಲು ಹೋಗಿ ಹ್ಯಾಂಡಲ್ ಹಿಡಿದಿರುವ ಸ್ಟೆಮ್‌ಗೆ ಬಡಿಯಿತು. ಚೈನು ಹಳೆಯದಾಗಿದೆ ಅಂದುಕೊಂಡು ಮಾರನೇ ದಿನವೇ ಹೊಸ ಚೈನು ಹಾಕಿದೆ. ಜಾರುವುದು ನಿಲ್ಲಲಿಲ್ಲ, ಇನ್ನೂ ಜಾಸ್ತಿಯಾಯಿತು. ಸವೆದಿದ್ದು ಚೈನು ಮಾತ್ರ ಅಲ್ಲ, ಹಿಂದಿನ ಹಲ್ಲೂ ಸವೆದಿತ್ತು. ಹಳೇ ಚೈನು ಹಳೇ ಹಲ್ಲಿಗೆ ಹೇಗೋ ಹೊಂದಿಕೊಂಡು ಓಡುತ್ತಿತ್ತು. ಹೊಸ ಚೈನು ಆ ಹಲ್ಲಿನ ಮೇಲೆ ಕೂರಲೇ ಇಲ್ಲ.

ಸಿಂಗಲ್ ಸ್ಪೀಡ್ ಎಂಟಿಬಿ ಅಂದರೆ ಗೇರ್ ಇಲ್ಲದ ಮೌಂಟನ್ ಬೈಕ್. ಗೇರ್ ಇಲ್ಲದ ಸೈಕಲ್‌ಗೆ ರಿಪೇರಿ ಕಡಿಮೆ ಅನ್ನುವುದು ನಿಜ. ಆದರೆ ಅದಕ್ಕೆ ಬೀಳುವ ಒತ್ತಡ ಕಡಿಮೆ ಅಲ್ಲ. ಗೇರ್ ಇದ್ದರೆ ಏರಿನಲ್ಲಿ ಹಗುರ ಗೇರಿಗೆ ಇಳಿಸಿ ಕೂತೇ ತುಳಿಯಬಹುದು. ಇಲ್ಲಿ ನಿಂತೇ ತುಳಿಯಬೇಕು. ಒಂದು ಲೆಕ್ಕ ನೋಡಿ. 80 ಕೆಜಿಯವರು 175 ಮಿ.ಮೀ. ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತರೆ, ಮುಂದೆ 32 ಹಲ್ಲಿನ ರಿಂಗ್ ಇದ್ದಾಗ, ಚೈನಿನ ಮೇಲೆ 200 ಕೆಜಿಗೂ ಹೆಚ್ಚು ಎಳೆತ ಬೀಳುತ್ತದೆ. ಆ ಹೊತ್ತಿನಲ್ಲಿ ಏನಾದರೂ ಜಾರಿದರೆ ಮೈ ಮುಂದಕ್ಕೇ ಹೋಗುತ್ತದೆ. ಅದಕ್ಕೇ ಸದ್ದು ಬಂದಾಗ ಸುಮ್ನೆ ಎಣ್ಣೆ ಬಿಟ್ಟು ಹೊರಡಬೇಡಿ. ಯಾವ ಸದ್ದು, ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ.

ಕೆಲವು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಪೆಡಲ್ ಹತ್ತಿರದ ದೊಡ್ಡ ಹಲ್ಲಿನ ಚಕ್ರ ಚೈನ್‌ರಿಂಗ್. ಹಿಂದಿನ ಚಕ್ರದ ಚಿಕ್ಕದು ಕಾಗ್. ಹಿಂದಿನ ಆಕ್ಸಲ್ ಬಂದು ಕೂರುವ ಫ್ರೇಮಿನ ಸೀಳು ಡ್ರಾಪ್‌ಔಟ್. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಅಲನ್ ಕೀ ಸೆಟ್, 15ರ ಸ್ಪ್ಯಾನರ್, 12 ಇಂಚಿನ ಸ್ಟೀಲ್ ಸ್ಕೇಲ್, ಹಳೇ ಬಟ್ಟೆ, ಗ್ರೀಸ್, ಚೈನ್ ಎಣ್ಣೆ.

ಕೆಲಸಕ್ಕೆ ಕೂರುವ ಮುಂಚೆ ಒಂದು ಎಚ್ಚರಿಕೆ. ಚಕ್ರ ತಿರುಗುತ್ತಿರುವಾಗ ಚೈನು ಮತ್ತು ಹಲ್ಲಿನ ನಡುವೆ ಬೆರಳು ಸಿಕ್ಕರೆ ಬೆರಳೇ ಹೋಗಬಹುದು. ಬಟ್ಟೆ ಹಿಡಿದು ಚೈನು ಒರೆಸುವಾಗ ಕೆಳಗಿನ ಎಳೆಯನ್ನು ಮಾತ್ರ ಹಿಡಿಯಿರಿ, ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೈಕಲ್ ತಲೆಕೆಳಗು ಮಾಡಿ ಚಕ್ರ ತಿರುಗಿಸುವಾಗ ಅವರನ್ನು ದೂರ ಇಡಿ.

ಕುಲುಕಿದಾಗ, ಇಳಿಜಾರಿನಲ್ಲಿ ಚೈನು ಬೀಳುತ್ತದೆ

ಹೆಚ್ಚು ಜನರಿಗೆ ಮೊದಲು ಎದುರಾಗುವುದು ಇದು. ಕಲ್ಲಿನ ಮೇಲೆ ಇಳಿಯುತ್ತೀರಿ, ಕೆಳಗೆ ಬಂದು ತುಳಿದರೆ ಕಾಲು ಸುಮ್ನೆ ಸುತ್ತುತ್ತದೆ. ಚೈನು ಕೆಳಗೆ ಜೋತು ಬಿದ್ದಿರುತ್ತದೆ.

ಕಾಸಿಲ್ಲದ ಪರೀಕ್ಷೆ ಬಿಗಿ ನೋಡುವುದು. ಚೈನ್‌ರಿಂಗ್ ಮತ್ತು ಕಾಗ್‌ಗಳ ನಡುಮಧ್ಯದಲ್ಲಿ ಕೆಳಗಿನ ಎಳೆಯನ್ನು ಒಂದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಒಟ್ಟು ಅರ್ಧ ಇಂಚು, ಅಂದರೆ ಸುಮಾರು 12 ಮಿ.ಮೀ. ಆಡಿದರೆ ಸರಿ. ಒಂದು ಇಂಚು ಆಡುತ್ತಿದ್ದರೆ ಬೀಳುವುದು ಖಂಡಿತ. ಹಾಗಂತ ಪಿಟೀಲಿನ ತಂತಿಯ ಹಾಗೆ ಬಿಗಿ ಮಾಡಬೇಡಿ. ತೀರಾ ಬಿಗಿಯಾದರೆ ತುಳಿಯಲು ಭಾರವಾಗುತ್ತದೆ, ಹಬ್ಬಿನ (ಚಕ್ರದ ನಡುಗುಂಬ) ಮತ್ತು ಕ್ರ್ಯಾಂಕಿನ ಬೇರಿಂಗ್ ಬೇಗ ಹಾಳಾಗುತ್ತವೆ. ಈ ಪರೀಕ್ಷೆಯನ್ನು ಒಂದೇ ಜಾಗದಲ್ಲಿ ಮಾಡಿ ಬಿಡಬೇಡಿ. ಪೆಡಲನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸಿದರೆ ಕೆಳಗೆ ಅದಕ್ಕೇ ಒಂದು ಭಾಗ ಇದೆ.

ಬಿಗಿ ಮಾಡುವುದು ಹೇಗೆ ಅನ್ನುವುದು ನಿಮ್ಮ ಡ್ರಾಪ್‌ಔಟ್ ಮೇಲೆ ನಿಂತಿದೆ. ಸೀಳು ಅಡ್ಡಕ್ಕಿದ್ದರೆ ಚಕ್ರವನ್ನೇ ಹಿಂದಕ್ಕೆ ಎಳೆದು ಬಿಗಿಯಬಹುದು. ನಮ್ಮೂರಿನ ಹಳೇ ಕರಿ ಸೈಕಲ್‌ನಲ್ಲಿ ಮಾಡುವುದು ಇದನ್ನೇ. ಸಿಂಗಲ್ ಸ್ಪೀಡ್‌ಗೆ ಅಂತಲೇ ಮಾಡಿದ ಫ್ರೇಮ್‌ಗಳಲ್ಲಿ ಡ್ರಾಪ್‌ಔಟೇ ಹಿಂದೆ ಮುಂದೆ ಸರಿಯುತ್ತದೆ, ಇಲ್ಲವೇ ಕ್ರ್ಯಾಂಕ್ ಕೂರುವ ಬಾಟಮ್ ಬ್ರ್ಯಾಕೆಟ್ ತಿರುಗಿಸುವಂತೆ ಇರುತ್ತದೆ. ಆದರೆ ಗೇರ್ ಸೈಕಲನ್ನು ಸಿಂಗಲ್ ಸ್ಪೀಡ್ ಮಾಡಿಕೊಂಡವರ ಫ್ರೇಮಿನಲ್ಲಿ ಸಾಮಾನ್ಯವಾಗಿ ಸೀಳು ನೆಟ್ಟಗೆ ಕೆಳಕ್ಕಿರುತ್ತದೆ. ಚಕ್ರ ಹಿಂದೆ ಸರಿಯುವುದೇ ಇಲ್ಲ. ಅಂಥದ್ದಕ್ಕೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇಕು. ದುಡ್ಡು ಹಾಕುವ ಮುಂಚೆ ಬಿಚ್ಚಿಟ್ಟ ಹಳೇ ಹಿಂದಿನ ಡಿರೇಲರನ್ನು (ಗೇರ್ ಬದಲಿಸುವ ಭಾಗ) ನೆನಪು ಮಾಡಿಕೊಳ್ಳಿ. ಅದನ್ನೇ ಟೆನ್ಷನರ್ ಮಾಡಬಹುದು. ಒಂದು ಗೇಣು ಹಳೇ ಗೇರ್ ಕೇಬಲ್ ಅದರಲ್ಲಿ ಸಿಕ್ಕಿಸಿ ಬಿಗಿದರೆ ಅದು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅದರ ಹಲ್ಲುಗಳು ಕಾಗ್‌ಗೆ ನೇರ ಬರುವ ಹಾಗೆ ಕೇಬಲ್ಲಿನ ಬಿಗಿ ಬದಲಿಸುವ ಬ್ಯಾರೆಲ್ ಸ್ಕ್ರೂ ತಿರುಗಿಸಿ. ಅಂಗಡಿಯಿಂದಲೇ ತರುವುದಾದರೆ ಚೈನನ್ನು ಕೆಳಗಿನಿಂದ ಮೇಲಕ್ಕೆ ಒತ್ತುವ ಮಾದರಿ ತನ್ನಿ. ಮೇಲಕ್ಕೆ ಒತ್ತಿದಾಗ ಚೈನು ಕಾಗ್‌ನ ಹೆಚ್ಚು ಹಲ್ಲುಗಳನ್ನು ಹಿಡಿಯುತ್ತದೆ, ಜಾರುವುದೂ ಕಡಿಮೆಯಾಗುತ್ತದೆ.

ಬಿಗಿ ಸರಿ ಇದ್ದೂ ಬೀಳುತ್ತಿದೆಯೇ? ಹಾಗಿದ್ದರೆ ಚೈನ್‌ಲೈನ್ ನೋಡಿ. ಚೈನ್‌ರಿಂಗ್ ಮತ್ತು ಕಾಗ್ ಒಂದೇ ನೇರದಲ್ಲಿ ಇರಬೇಕು ಅಷ್ಟೇ. ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಚೈನಿನ ಉದ್ದಕ್ಕೂ ನೋಡಿ. ಕೊಂಕು ಇದ್ದರೆ ಗೊತ್ತಾಗುತ್ತದೆ. ಇನ್ನೂ ಖಚಿತ ಬೇಕೆಂದರೆ ನೇರವಾದ ಉದ್ದ ಅಲ್ಯೂಮಿನಿಯಂ ಪಟ್ಟಿಯನ್ನು ಚೈನ್‌ರಿಂಗಿನ ಬದಿಗೆ ಒತ್ತಿ ಹಿಡಿಯಿರಿ, ಇನ್ನೊಂದು ತುದಿ ಕಾಗ್‌ನ ಬದಿಗೆ ಬಂದು ತಾಗಬೇಕು. ಒಂದೆರಡು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಕಾಗ್‌ನ ಅಕ್ಕಪಕ್ಕದ ಸ್ಪೇಸರ್ ಬಳೆಗಳಲ್ಲಿ ಒಂದನ್ನು ಈ ಕಡೆಯಿಂದ ತೆಗೆದು ಆ ಕಡೆ ಹಾಕಿ. ಹಳೇ ಕ್ಯಾಸೆಟ್ (ಗೇರ್ ಸೈಕಲ್‌ನ ಹಿಂದಿನ ಹಲ್ಲುಚಕ್ರಗಳ ಕಟ್ಟು) ಬಿಚ್ಚಿದರೆ ಒಳಗಿನ ಸ್ಪೇಸರ್‌ಗಳು ಪುಕ್ಕಟೆ ಸಿಗುತ್ತವೆ.

ಕೊನೆಗೆ ಹಲ್ಲಿನ ಆಕಾರ ನೋಡಿ. ಗೇರ್ ಸೈಕಲ್‌ನ ಚೈನ್‌ರಿಂಗ್ ಮತ್ತು ಕಾಗ್‌ಗಳು ಚೈನನ್ನು ಸುಲಭವಾಗಿ ಬಿಟ್ಟುಕೊಡಲೆಂದೇ ಮಾಡಿದವು. ಕೆಲವು ಹಲ್ಲು ಗಿಡ್ಡ, ಕೆಲವು ಓರೆ, ಪಕ್ಕದಲ್ಲಿ ಚೈನು ಎತ್ತುವ ಪಿನ್ನು. ಅದೇ ಗುಣ ಇಲ್ಲಿ ತೊಂದರೆ. ಎಲ್ಲ ಹಲ್ಲೂ ಒಂದೇ ಎತ್ತರಕ್ಕಿರುವ ಸಿಂಗಲ್ ಸ್ಪೀಡ್ ಕಾಗ್ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮುಂದೆ ಒಂದು ಹಲ್ಲು ದಪ್ಪ ಒಂದು ಹಲ್ಲು ಸಣ್ಣ ಇರುವ ನ್ಯಾರೋ-ವೈಡ್ ರಿಂಗ್ ಚೈನನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಬಿಗಿ ಹೊಂದಿಸಲು ಚೈನಿಗೆ ಒಂದು ಹಾಫ್ ಲಿಂಕ್, ಅಂದರೆ ಒಂದೇ ಒಂದು ಬಿಡಿ ಕೊಂಡಿ, ಸೇರಿಸಿದ್ದರೆ ನ್ಯಾರೋ-ವೈಡ್ ಕೆಲಸ ಮಾಡುವುದಿಲ್ಲ. ಕೊಂಡಿಗಳ ಸಂಖ್ಯೆ ಬೆಸ ಆಗಿಬಿಡುತ್ತದೆ. ಅಗಲದ ಕೊಂಡಿ, ಇಕ್ಕಟ್ಟಿನ ಕೊಂಡಿ ಅನ್ನುವ ಸರದಿ ತಪ್ಪಿ ದಪ್ಪ ಹಲ್ಲು ಇಕ್ಕಟ್ಟಿನ ಕೊಂಡಿಯ ಕೆಳಗೆ ಬರುತ್ತದೆ.

ನಿಂತು ತುಳಿದಾಗ ಕಡಕ್ ಅಂತ ಜಾರುತ್ತದೆ

ಈ ಲಕ್ಷಣ ಕಂಡ ದಿನ ನಿಂತು ತುಳಿಯುವುದನ್ನು ನಿಲ್ಲಿಸಿ. ಕಾಡಿನ ಮಧ್ಯದಲ್ಲಿದ್ದರೆ ಕೂತೇ, ಮೆಲ್ಲಗೆ, ಸಮತಟ್ಟಿನಲ್ಲಿ ಮಾತ್ರ ತುಳಿದುಕೊಂಡು ಬನ್ನಿ. ಏರು ಬಂದರೆ ಇಳಿದು ತಳ್ಳಿ.

ಜಾರುವುದು ಎರಡು ಜಾಗದಲ್ಲಿ. ಒಂದು, ಚೈನು ಹಲ್ಲನ್ನು ಹತ್ತಿ ಹಾರುತ್ತದೆ. ಇನ್ನೊಂದು, ತುಳಿಯದಿದ್ದಾಗಲೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಒಳಗಿನ ಕೊಕ್ಕೆಗಳು ಹಿಡಿಯದೆ ಬಿಟ್ಟುಬಿಡುತ್ತವೆ. ಕಾಲಿಗೆ ಎರಡೂ ಒಂದೇ ಥರ ಅನ್ನಿಸಬಹುದು, ಆದರೆ ರಿಪೇರಿ ಬೇರೆ ಬೇರೆ. ಬೇರ್ಪಡಿಸಲು ಒಬ್ಬರ ಸಹಾಯ ಬೇಕು. ನೀವು ಸೈಕಲ್ ಪಕ್ಕದಲ್ಲಿ ನಿಂತು ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಪೆಡಲ್ ಮುಂದಕ್ಕೆ ಅಡ್ಡಲಾಗಿ ಇರಲಿ. ಅದನ್ನು ಕೈಯಿಂದ ಬಲವಾಗಿ ಕೆಳಕ್ಕೆ ಒತ್ತಿ. ಇನ್ನೊಬ್ಬರು ಹಿಂದಿನಿಂದ ಕಾಗ್ ನೋಡಲಿ, ಕೈ ಮಾತ್ರ ದೂರ ಇರಲಿ. ಚೈನು ಹಲ್ಲಿನ ಮೇಲಕ್ಕೆ ಏರುತ್ತಿದ್ದರೆ ಸವೆತ. ಚೈನು ಹಲ್ಲಿನಲ್ಲೇ ಕೂತಿದ್ದು, ಚಕ್ರ ನಿಂತಿದ್ದರೂ ಕಾಗ್ ಮುಂದಕ್ಕೆ ತಿರುಗಿದರೆ ಕೊಕ್ಕೆಯ ದೋಷ.

ಒಬ್ಬರೇ ಇದ್ದರೆ ಎಣಿಸಿ. ಇದು ನನಗೆ ತುಂಬಾ ಉಪಯೋಗಕ್ಕೆ ಬಂದಿರುವ ಉಪಾಯ. ಸಮತಟ್ಟಾದ ಖಾಲಿ ಜಾಗದಲ್ಲಿ ಕೂತು, ಹಗುರವಾಗಿ ತುಳಿಯುತ್ತಾ, ಕಾಲಿಗೆ ಸಿಗುವ ಸಣ್ಣ ಎಗರು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಅಂತ ಲೆಕ್ಕ ಇಡಿ. ಪೆಡಲಿನ ಸುಮಾರು ಮೂರು ಸುತ್ತಿಗೊಮ್ಮೆ ಬಂದರೆ ದೋಷ ಚೈನಿನ ಒಂದೇ ಕೊಂಡಿಯಲ್ಲಿದೆ. 32 ಹಲ್ಲಿನ ರಿಂಗಿಗೆ 96 ಕೊಂಡಿಯ ಚೈನು ಪೂರ್ತಿ ಒಂದು ಸುತ್ತು ಬರಲು ಅಷ್ಟೇ ಹಿಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಚೈನ್‌ರಿಂಗ್, ಕ್ರ್ಯಾಂಕ್ ಅಥವಾ ಪೆಡಲ್. ಒಂದು ಸುತ್ತಿಗೆ ಒಂದಕ್ಕಿಂತ ಜಾಸ್ತಿ, ಆದರೆ ಒಂದೇ ತಾಳದಲ್ಲಿ ಬಂದರೆ ಕಾಗ್‌ನ ಒಂದು ಹಲ್ಲು. ತಾಳವೇ ಇಲ್ಲದೆ, ಭಾರ ಬಿದ್ದಾಗ ಮಾತ್ರ ಬಂದರೆ ಒಟ್ಟಾರೆ ಸವೆತ ಅಥವಾ ಫ್ರೀವೀಲ್.

ಒಂದೇ ಕೊಂಡಿಯ ದೋಷ ಸುಲಭದ್ದು. ಪೆಡಲ್ ಹಿಂದಕ್ಕೆ ನಿಧಾನವಾಗಿ ತಿರುಗಿಸಿ, ಕಾಗ್ ದಾಟಿ ಬರುವ ಕೊಂಡಿಗಳನ್ನು ನೋಡಿ. ಒಂದು ಮಾತ್ರ ನೆಟ್ಟಗಾಗದೆ ಮಡಚಿಕೊಂಡೇ ಬರುತ್ತದೆ. ಅಲ್ಲಿ ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿದರೆ ಸಡಿಲವಾಗುತ್ತದೆ. ಕೊಂಡಿಯ ತಗಡು ಸೀಳಿದ್ದರೆ ಅಥವಾ ಪಿನ್ನು ಹೊರಗೆ ಬಂದಿದ್ದರೆ ಆ ಚೈನನ್ನು ಮತ್ತೆ ಬಳಸಬೇಡಿ.

ಸವೆತ ನೋಡಲು ಸ್ಕೇಲ್ ತೆಗೆದುಕೊಳ್ಳಿ. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು ಅಂತರ. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಟ್ಟರೆ ಮುಂದಿನ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿನ ಗೆರೆಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿ.ಮೀ. ಮುಂದೆ ಹೋಗಿದ್ದರೆ ಅರ್ಧ ಶೇಕಡಾ ಸವೆದಿದೆ. ಚೈನು ಬದಲಿಸಲು ಒಳ್ಳೆಯ ಹೊತ್ತು. ಎಂಟನೇ ಒಂದು ಭಾಗ, ಅಂದರೆ ಮೂರು ಮಿ.ಮೀ.ಗೂ ಜಾಸ್ತಿ ಹೋಗಿದ್ದರೆ ಚೈನಿನ ಜೊತೆ ಕಾಗ್ ಕೂಡ ಹೋಗಿರುವ ಸಾಧ್ಯತೆ ಹೆಚ್ಚು. ಕಾಗ್‌ನ ಹಲ್ಲು ಎರಡೂ ಕಡೆ ಸಮವಾಗಿ ಇಳಿಯದೆ ಒಂದು ಕಡೆಗೆ ಬಾಗಿ ಗರಗಸದ ಹಲ್ಲಿನ ಹಾಗೆ ಕಂಡರೆ ಎರಡನ್ನೂ ಒಟ್ಟಿಗೆ ಬದಲಿಸಿ. ನಾನು ಮಾಡಿದ ಹಾಗೆ ಒಂದನ್ನೇ ಬದಲಿಸಿದರೆ ದುಡ್ಡೂ ಹೋಗುತ್ತದೆ, ಮೊಣಕಾಲಿಗೂ ಪೆಟ್ಟು ಬೀಳುತ್ತದೆ.

ಇನ್ನು ಫ್ರೀವೀಲ್. ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದು ಕಾಗನ್ನು ಹಿಂದಕ್ಕೆ ತಿರುಗಿಸಿ. ಟಿಕ್ ಟಿಕ್ ಟಿಕ್ ಅಂತ ಚುರುಕಾಗಿ, ಸಮವಾಗಿ ಬರಬೇಕು. ಸದ್ದು ಮಂಕಾಗಿದ್ದರೆ ಅಥವಾ ನಡುನಡುವೆ ತಪ್ಪಿದರೆ ಒಳಗಿನ ಕೊಕ್ಕೆ ಅಂಟಿಕೊಂಡಿದೆ. ಹೆಚ್ಚಾಗಿ ಕಾರಣ ಕೆಸರು ನೀರು, ಇಲ್ಲವೇ ಯಾರೋ ಒಳ್ಳೆಯದಾಗಲಿ ಅಂತ ತುಂಬಿದ ದಪ್ಪ ಗ್ರೀಸ್. ಕೊಕ್ಕೆಗಳನ್ನು ಎಬ್ಬಿಸುವ ಸ್ಪ್ರಿಂಗ್ ತುಂಬಾ ಸಣ್ಣದು. ದಪ್ಪ ಗ್ರೀಸಿನಲ್ಲಿ ಅದಕ್ಕೆ ಶಕ್ತಿ ಸಾಲುವುದಿಲ್ಲ, ಚಳಿ ಇದ್ದರೆ ಇನ್ನೂ ಕಷ್ಟ. ಬಿಚ್ಚಿ ತೊಳೆದು ತೆಳು ಎಣ್ಣೆ ಹಾಕಿದರೆ ಸರಿಹೋಗಬಹುದು. ಆದರೆ ಕೊಕ್ಕೆಯ ತುದಿ ದುಂಡಾಗಿದ್ದರೆ ಅಥವಾ ಮುರಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದೇ ಬೇಕು. ಈ ಕೆಲಸವನ್ನು ಮೊದಲ ಸಲ ಗೊತ್ತಿರುವವರ ಮುಂದೆ ಮಾಡಿ. ಬಿಚ್ಚುವಾಗ ಸ್ಪ್ರಿಂಗ್ ಹಾರಿ ಹೋಗುತ್ತದೆ, ಸಣ್ಣ ಗುಂಡುಗಳು ಉದುರುತ್ತವೆ. ತಿರುಪಿನಂತೆ ಸುತ್ತಿ ಹಾಕುವ ಹಳೇ ಮಾದರಿಯ ಫ್ರೀವೀಲ್ ಆದರೆ ನೀವು ತುಳಿದಷ್ಟೂ ಅದು ಬಿಗಿಯುತ್ತಲೇ ಹೋಗಿರುತ್ತದೆ. ಅದಕ್ಕೆ ಹೊಂದುವ ಬಿಚ್ಚುವ ಟೂಲ್ ಮತ್ತು ಗಟ್ಟಿ ವೈಸ್ ಎರಡೂ ಇರುವ ಅಂಗಡಿಗೆ ಒಯ್ಯಿರಿ. ಉಳಿ, ಸುತ್ತಿಗೆ ಹಿಡಿದು ಹೊಡೆದರೆ ಹಬ್ಬೇ ಹಾಳಾಗುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ನೋಡಿ. ಕ್ಯಾಸೆಟ್ ಕೂರುವ ಅಲ್ಯೂಮಿನಿಯಂ ಭಾಗದ ಮೇಲೆ ತೆಳುವಾದ ಒಂಟಿ ಕಾಗ್ ಹಾಕಿದ್ದರೆ ಅದು ನಿಮ್ಮ ಭಾರಕ್ಕೆ ಆ ಭಾಗದ ಏಣುಗಳನ್ನು ಕಚ್ಚಿ ಗಾಯ ಮಾಡಿರುತ್ತದೆ. ಗಾಯ ಆಳವಾದರೆ ಕಾಗ್ ಹೊರಗೇ ಬರುವುದಿಲ್ಲ. ಬುಡ ಅಗಲವಾಗಿರುವ ಕಾಗ್ ಕೊಂಡರೆ ಈ ತೊಂದರೆ ಇಲ್ಲ. ನೂರಾರು ರೂಪಾಯಿ ಹೆಚ್ಚಾದರೂ ಹಬ್ ಉಳಿಯುತ್ತದೆ.

ಹಿಂದಿನ ಟೈರು ಎಡಗಡೆ ಫ್ರೇಮಿಗೆ ಉಜ್ಜುತ್ತದೆ

ಹೊರಟಾಗ ಚಕ್ರ ನೇರ ಇತ್ತು. ಒಂದು ಏರು ಹತ್ತಿದ ಮೇಲೆ ಸರ್ ಸರ್ ಅಂತ ಉಜ್ಜಲು ಶುರು. ಚೈನೂ ಸಡಿಲವಾಗಿದೆ. ಇದು ಅಡ್ಡ ಸೀಳಿನ ಡ್ರಾಪ್‌ಔಟ್ ಇರುವ ಸೈಕಲ್‌ನ ದೋಷ. ಚೈನು ಇರುವುದು ಬಲಗಡೆ. ನಿಂತು ತುಳಿದಾಗ ಅದು ಆಕ್ಸಲ್‌ನ ಬಲತುದಿಯನ್ನು ಮುಂದಕ್ಕೆ ಜಗ್ಗುತ್ತದೆ. ಆಗ ಚಕ್ರದ ಮುಂಭಾಗ ಎಡಕ್ಕೆ ತಿರುಗಿ ಫ್ರೇಮಿಗೆ ತಾಗುತ್ತದೆ.

ಮೊದಲು ನಟ್ಟು ಬಿಗಿ ಇದೆಯೇ ನೋಡಿ. ಆಮೇಲೆ ನಟ್ಟು ಮತ್ತು ಫ್ರೇಮ್ ತಾಗುವ ಜಾಗ ಒರೆಸಿ. ಅಲ್ಲಿ ಗ್ರೀಸ್ ಇರಬಾರದು, ನಟ್ಟು ಸುತ್ತುವ ತಿರುಪಿಗೆ ಮಾತ್ರ ಒಂದು ತೊಟ್ಟು ಸಾಕು. ನಟ್ಟಿನ ಬದಲು ಲಿವರ್ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಆಗಿದ್ದರೆ ಅದರ ಮುಖದ ಹಲ್ಲು ಸ್ಟೀಲಿನದೇ ಅಥವಾ ಅಲ್ಯೂಮಿನಿಯಂನದೇ ನೋಡಿ. ಅಲ್ಯೂಮಿನಿಯಂ ಹಲ್ಲು ಇಷ್ಟು ಎಳೆತಕ್ಕೆ ಹಿಡಿದು ನಿಲ್ಲುವುದಿಲ್ಲ. ಸ್ಟೀಲ್ ಹಲ್ಲಿನ, ಕ್ಯಾಮ್ ಒಳಗಡೆ ಮುಚ್ಚಿರುವ ಮಾದರಿ ಹಾಕಿ. ಅದೂ ಸಾಲದಿದ್ದರೆ ಚೈನ್ ಟಗ್ ಅನ್ನುವ ಸಣ್ಣ ಸಾಮಾನು ಸಿಗುತ್ತದೆ. ಆಕ್ಸಲ್‌ಗೆ ಸಿಕ್ಕಿಸಿ ಸ್ಕ್ರೂ ಬಿಗಿದರೆ ಆಕ್ಸಲ್ ಮುಂದೆ ಬರುವುದೇ ಇಲ್ಲ. ಊರ ಸೈಕಲ್ ಶಾಪಿನವರು ಇದಕ್ಕೆ ಚೈನ್ ಅಡ್ಜಸ್ಟರ್ ಅಂತಾರೆ.

ಇಲ್ಲಿ ಬಹಳ ಜನ ಮರೆಯುವುದು ಬ್ರೇಕ್. ಚಕ್ರವನ್ನು ಹಿಂದೆ ಮುಂದೆ ಸರಿಸಿದಾಗ ಬ್ರೇಕ್ ಇದ್ದಲ್ಲೇ ಇರುತ್ತದೆ. ವಿ-ಬ್ರೇಕ್ ಇದ್ದರೆ ರಬ್ಬರ್ ರಿಮ್ಮಿನ ಬದಲು ಟೈರಿಗೆ ತಾಗಬಹುದು, ಒಂದೇ ಇಳಿಜಾರಿನಲ್ಲಿ ಟೈರಿನ ಪಕ್ಕ ಕತ್ತರಿಸಿ ಹೋಗುತ್ತದೆ. ಡಿಸ್ಕ್ ಇದ್ದರೆ ಪ್ಯಾಡ್ ಡಿಸ್ಕಿನ ಅಂಚನ್ನು ಮಾತ್ರ ಹಿಡಿಯಬಹುದು. ಚೈನು ಬಿಗಿ ಮಾಡಿದ ಪ್ರತಿ ಸಲವೂ ಬ್ರೇಕ್ ಹಿಡಿದು ಕಣ್ಣಲ್ಲಿ ನೋಡಿದ ಮೇಲೆಯೇ ಹೊರಡಿ.

ಒಂದೇ ಸುತ್ತಿನಲ್ಲಿ ಚೈನು ಬಿಗಿಯೂ ಆಗುತ್ತದೆ, ಸಡಿಲವೂ ಆಗುತ್ತದೆ

ಚೈನ್‌ರಿಂಗ್ ನಡುವಿಗೆ ಸರಿಯಾಗಿ ಕೂತಿಲ್ಲ. ಸ್ವಲ್ಪ ವ್ಯತ್ಯಾಸ ಎಲ್ಲ ಸೈಕಲ್‌ನಲ್ಲೂ ಇರುತ್ತದೆ. ಜಾಸ್ತಿ ಇದ್ದರೆ ಹೀಗೆ ಮಾಡಿ. ರಿಂಗಿನ ಬೋಲ್ಟುಗಳನ್ನು ಒಂದಿಷ್ಟೇ ಸಡಿಲಿಸಿ, ರಿಂಗ್ ಜರುಗುವಷ್ಟು. ಪೆಡಲ್ ನಿಧಾನವಾಗಿ ತಿರುಗಿಸಿ ಚೈನು ಅತಿ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿ. ಮೇಲಿನ ಎಳೆಯನ್ನು ಮರದ ತುಂಡಿನಿಂದ ಒಂದೆರಡು ಸಲ ತಟ್ಟಿ. ರಿಂಗ್ ತಾನಾಗೇ ಕೂದಲೆಳೆಯಷ್ಟು ಸರಿಯುತ್ತದೆ. ಬೋಲ್ಟುಗಳನ್ನು ಒಂದರ ಎದುರು ಒಂದರಂತೆ ಬಿಗಿದು ಮತ್ತೆ ನೋಡಿ. ಎರಡು ಮೂರು ಸಲ ಮಾಡಿದರೆ ಬಹುತೇಕ ಸರಿಯಾಗುತ್ತದೆ. ಆಗಲಿಲ್ಲ ಅಂದರೆ ಕ್ರ್ಯಾಂಕೇ ಬಾಗಿರಬಹುದು. ಅದನ್ನು ಸುತ್ತಿಗೆಯಿಂದ ನೇರ ಮಾಡಲು ಹೋಗಬೇಡಿ.

ಕಿರ್ರ್ ಕಿರ್ರ್ ಸದ್ದು

ಸದ್ದು ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಕಿವಿ ಮೋಸ ಮಾಡುತ್ತದೆ. ಫ್ರೇಮ್ ಟೊಳ್ಳು ಕೊಳವೆ ಅಲ್ವಾ, ಸೀಟಿನ ಸದ್ದು ಪೆಡಲ್ ಹತ್ತಿರ ಕೇಳಿಸುತ್ತದೆ. ಆದ್ದರಿಂದ ಕಿವಿ ನಂಬದೆ ಒಂದೊಂದೇ ಭಾಗವನ್ನು ಆಟದಿಂದ ಹೊರಗಿಡಿ.

ಕೂತು ತುಳಿದಾಗ ಮಾತ್ರ ಬಂದರೆ ಸೀಟು ಮತ್ತು ಸೀಟ್‌ಪೋಸ್ಟ್. ಪೋಸ್ಟ್ ಹೊರಗೆ ಎಳೆದು ಒರೆಸಿ, ಲೋಹದ್ದಾದರೆ ತೆಳುವಾಗಿ ಗ್ರೀಸ್ ಸವರಿ ಮತ್ತೆ ಹಾಕಿ. ಅರ್ಧಕ್ಕರ್ಧ ಸದ್ದು ಇಲ್ಲೇ ಮುಗಿಯುತ್ತದೆ. ಕಾರ್ಬನ್ ಪೋಸ್ಟಿಗೆ ಗ್ರೀಸ್ ಹಾಕಬಾರದು, ಅದಕ್ಕೆ ಬೇರೆ ಪೇಸ್ಟ್ ಇದೆ.

ನಿಂತಾಗ ಮಾತ್ರ ಬಂದರೆ ಒಂದು ಪರೀಕ್ಷೆ. ಸೈಕಲ್ ನಿಂತಿರುವಾಗ ಮುಂದಿನ ಚಕ್ರವನ್ನು ತೊಡೆಗಳ ನಡುವೆ ಹಿಡಿದು ಹ್ಯಾಂಡಲಿನ ಎರಡು ತುದಿಗಳನ್ನು ಒಂದು ಮೇಲಕ್ಕೆ ಒಂದು ಕೆಳಕ್ಕೆ ಜಗ್ಗಿ. ಸದ್ದು ಬಂದರೆ ಸ್ಟೆಮ್. ಸಿಂಗಲ್ ಸ್ಪೀಡ್‌ನಲ್ಲಿ ಏರು ಹತ್ತುವುದು ಕಾಲು ಮಾತ್ರ ಅಲ್ಲ, ಕೈಯೂ ಜಗ್ಗುತ್ತದೆ. ಸ್ಟೆಮ್ ಬೋಲ್ಟ್ ಬಿಚ್ಚಿ ಒರೆಸಿ, ಅದರ ಮೇಲೆ ಬರೆದಿರುವ ಅಳತೆಗೆ, ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್, ಸಮವಾಗಿ ಬಿಗಿಯಿರಿ.

ಪ್ರತಿ ಸುತ್ತಿಗೊಮ್ಮೆ ಬಂದರೆ ಪೆಡಲ್, ರಿಂಗ್ ಬೋಲ್ಟ್, ಕ್ರ್ಯಾಂಕ್, ಬಾಟಮ್ ಬ್ರ್ಯಾಕೆಟ್, ಇದೇ ಕ್ರಮದಲ್ಲಿ. ಪೆಡಲ್ ಬಿಚ್ಚಿ ತಿರುಪಿಗೆ ಗ್ರೀಸ್ ಹಾಕಿ. ಎಡ ಪೆಡಲ್‌ನ ತಿರುಪು ಉಲ್ಟಾ ಅನ್ನುವುದು ನೆನಪಿರಲಿ. ಮೂರು ರಿಂಗಿನ ಕ್ರ್ಯಾಂಕಿನಿಂದ ಎರಡು ರಿಂಗ್ ತೆಗೆದು ಒಂದೇ ಉಳಿಸಿದ್ದರೆ ಬೋಲ್ಟುಗಳನ್ನು ಖಂಡಿತ ನೋಡಿ. ಹಳೇ ಉದ್ದ ಬೋಲ್ಟು ಕೊನೆಮುಟ್ಟಿ ಬಿಗಿಯಾಗಿದೆ ಅನ್ನಿಸುತ್ತದೆ, ಆದರೆ ರಿಂಗ್ ಒಳಗೆ ಸಡಿಲವಾಗೇ ಇರುತ್ತದೆ. ಒಂಟಿ ರಿಂಗಿಗೆ ಗಿಡ್ಡ ಬೋಲ್ಟು ಬೇಕು.

ಕ್ರ್ಯಾಂಕ್ ಹಿಡಿದು ಸೈಕಲಿನ ಕಡೆಗೆ ಮತ್ತು ಹೊರಗೆ ಅಲ್ಲಾಡಿಸಿ. ಎರಡೂ ಕಡೆ ಒಟ್ಟಿಗೆ ಆಡಿದರೆ ಬೇರಿಂಗ್ ಸವೆದಿದೆ. ಎಡದ ಕ್ರ್ಯಾಂಕ್ ಮಾತ್ರ ಆಡಿದರೆ ಅದರ ಬೋಲ್ಟು ಸಡಿಲವಾಗಿದೆ. ಅಲ್ಲೇ ಇಳಿಯಿರಿ. ಚೌಕ ಆಕ್ಸಲ್‌ನ ಮೇಲೆ ಸಡಿಲ ಕ್ರ್ಯಾಂಕ್ ಹಾಕಿಕೊಂಡು ಹತ್ತು ಕಿ.ಮೀ. ತುಳಿದರೂ ಅದರ ಚೌಕ ತೂತು ದುಂಡಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಎಲ್ಲ ಮಾಡಿದ ಮೇಲೂ ಸದ್ದು ಉಳಿದರೆ ಫ್ರೇಮ್ ಒರೆಸಿ, ಒಳ್ಳೇ ಬೆಳಕಿನಲ್ಲಿ ಬೆಸುಗೆಗಳನ್ನು ನೋಡಿ. ಬಾಟಮ್ ಬ್ರ್ಯಾಕೆಟ್ ಸುತ್ತ, ಬಲ ಡ್ರಾಪ್‌ಔಟ್ ಹತ್ತಿರ, ಹ್ಯಾಂಡಲ್ ಕೆಳಗಿನ ಕೊಳವೆಯ ಬುಡದಲ್ಲಿ. ಬಣ್ಣದ ಮೇಲೆ ಕೂದಲಿನಂಥ ಗೆರೆ ಕಂಡರೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ, ಅಥವಾ ಗೆರೆಯಲ್ಲಿ ತುಕ್ಕಿನ ಬಣ್ಣ ಇದ್ದರೆ, ಬಿರುಕು ಅಂತಲೇ ತಿಳಿದು ಓಡಿಸುವುದು ನಿಲ್ಲಿಸಿ. ಸ್ಟೀಲ್ ಫ್ರೇಮ್ ಆದರೆ ಫ್ರೇಮ್ ಕೆಲಸ ಗೊತ್ತಿರುವವರು ಬೆಸೆದು ಕೊಡಬಹುದು. ಅಲ್ಯೂಮಿನಿಯಂ ಫ್ರೇಮನ್ನು ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿ ಮತ್ತೆ ಇಳಿಜಾರಿಗೆ ಒಯ್ಯಬೇಡಿ.

ಮಳೆಗಾಲದಲ್ಲಿ ಅರೆಯುವ ಸದ್ದು

ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಒದ್ದೆಯಾದರೆ ಚೈನಿಗೆ ಮರಳು ಕಾಗದ ಇದ್ದ ಹಾಗೆ. ಮನೆಗೆ ಬಂದ ತಕ್ಷಣ ನೀರು ಹಾಕಿ ತೊಳೆದು, ಒರೆಸಿ, ಒಣಗಿದ ಮೇಲೆ ಎಣ್ಣೆ ಹಾಕಿ, ಹೊರಗಿನದನ್ನು ಮತ್ತೆ ಒರೆಸಿ. ಎಣ್ಣೆ ಬೇಕಾಗಿರುವುದು ಪಿನ್ನಿನ ಒಳಗೆ. ಕೊಬ್ಬರಿ ಎಣ್ಣೆ, ಬೈಕಿನಿಂದ ತೆಗೆದ ಕರಿ ಎಣ್ಣೆ ಬೇಡ. ಎರಡೂ ಧೂಳು ಹಿಡಿದುಕೊಳ್ಳುತ್ತವೆ.

ಸೈಕಲ್ ಸರಿ ಇದೆ, ಮೊಣಕಾಲು ನೋಯುತ್ತದೆ

ಇದೂ ದೋಷವೇ, ಹಲ್ಲಿನ ಲೆಕ್ಕದ ದೋಷ. ಮೊದಲು ಸೀಟಿನ ಎತ್ತರ ನೋಡಿ, ಅದಕ್ಕೆ ಖರ್ಚಿಲ್ಲ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ.

ಸೀಟು ಸರಿ ಇದ್ದರೆ ಗೇರ್ ಭಾರವಾಗಿದೆ. 26 ಇಂಚಿನ ಚಕ್ರಕ್ಕೆ ಮುಂದೆ 32, ಹಿಂದೆ 16 ಅನ್ನುವುದು ಹಳೇ ರೂಢಿ. 29 ಇಂಚಿನ ಚಕ್ರ ದೊಡ್ಡದು, ಅದೇ ಭಾರಕ್ಕೆ ಹಿಂದೆ 18 ಬೇಕು. 32/18 ಇಟ್ಟ 29 ಇಂಚಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ 4 ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ಹಿಂದೆ 20 ಹಾಕಿದರೆ ಅದು 17-18ಕ್ಕೆ ಇಳಿಯುತ್ತದೆ, ಆದರೆ ಏರಿನಲ್ಲಿ ಮೊಣಕಾಲು ಉಳಿಯುತ್ತದೆ. ಘಟ್ಟದ ಕಡೆ ಓಡಿಸುವವರಿಗೆ, ಅದರಲ್ಲೂ ಹೊಸಬರಿಗೆ, ನಾನು 20 ಹಲ್ಲನ್ನೇ ಹೇಳುತ್ತೇನೆ. ಸಮತಟ್ಟಿನಲ್ಲಿ ಕಾಲು ಜಾಸ್ತಿ ಸುತ್ತುತ್ತದೆ ಅನ್ನಿಸುತ್ತದೆ, ಸುತ್ತಲಿ ಬಿಡಿ. ಸ್ನೇಹಿತರು ಏನು ಹಾಕಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ನಿಮ್ಮ ದಾರಿಯ ಅತಿ ಕಡಿದಾದ ಏರಿನಲ್ಲಿ ಅರ್ಧವಾದರೂ ನಿಂತು ಹತ್ತಲು ಆಗುವ ಹಲ್ಲು ನಿಮ್ಮ ಹಲ್ಲು.

ಉಳಿದರ್ಧಕ್ಕೆ ಇಳಿದು ತಳ್ಳಿ. ಅದರಲ್ಲಿ ನಾಚಿಕೆ ಏನಿಲ್ಲ. ಮೌಂಟನ್ ಬೈಕ್ ಶುರುವಾಗಿದ್ದೇ ಹಾಗೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗೇರ್ ಇಲ್ಲದ ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟಕ್ಕೆ ತಳ್ಳಿಕೊಂಡೋ ಪಿಕಪ್ ಗಾಡಿಯಲ್ಲಿ ಹಾಕಿಕೊಂಡೋ ಒಯ್ದು ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹಾಗಾಗಿ ಆ ದಾರಿಗೇ ರಿಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತ ಹೆಸರು ಬಿತ್ತು. 1976ರಲ್ಲಿ ಅಲ್ಲಿ ರೇಸ್ ಕೂಡ ಶುರುವಾಯಿತು.

ಏರಿನಲ್ಲಿ ತುಳಿಯುವ ರೀತಿಯೂ ಮುಖ್ಯ. ಬುಡಕ್ಕೆ ಬರುವ ಮುಂಚೆಯೇ ವೇಗ ಕೂಡಿಸಿಕೊಳ್ಳಿ. ವೇಗ ಪೂರ್ತಿ ಸಾಯುವ ಮುಂಚೆ ಎದ್ದು ನಿಲ್ಲಿ. ಹಿಂದಿನ ಚಕ್ರ ಜಾರಿದರೆ ಸೊಂಟ ಸ್ವಲ್ಪ ಹಿಂದಕ್ಕೆ ತನ್ನಿ. ಕಾಲು ನಿಂತೇ ಹೋಗುತ್ತಿದೆ ಅನ್ನಿಸಿದಾಗ ಹಲ್ಲು ಕಚ್ಚಿ ಇನ್ನೊಂದು ಸುತ್ತು ಎಳೆಯಬೇಡಿ, ಮೊಣಕಾಲಿಗೆ ಪೆಟ್ಟಾಗುವುದು ಆ ಸುತ್ತಿನಲ್ಲೇ. ಗೇರ್ ಹಗುರ ಮಾಡಿ, ಸೀಟು ಸರಿ ಮಾಡಿ, ಎರಡು ವಾರ ಬಿಟ್ಟರೂ ನೋವು ಹೋಗದಿದ್ದರೆ, ಊತ ಬಂದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ ಮೂಳೆ ಡಾಕ್ಟರಿಗೆ ತೋರಿಸಿ.

ಕಾಗ್ ಬದಲಿಸಿದರೆ ಚಕ್ರದ ಜಾಗವೂ ಬದಲಾಗುತ್ತದೆ. ಒಂದು ಹಲ್ಲು ಹೆಚ್ಚಾದರೆ ಆಕ್ಸಲ್ ಸುಮಾರು 3 ಮಿ.ಮೀ. ಮುಂದೆ ಬರುತ್ತದೆ, 18ರಿಂದ 20ಕ್ಕೆ ಹೋದರೆ 6 ಮಿ.ಮೀ. ಸೀಳಿನಲ್ಲಿ ಅಷ್ಟು ಜಾಗ ಇದೆಯೇ ಅಂತ ಅಳೆದ ಮೇಲೆ ಕಾಗ್ ತನ್ನಿ. ಹೊಸದಾಗಿ ಜೋಡಿಸಿದ ಮೇಲೆ ಮೊದಲ ಸವಾರಿ ಮನೆ ಹತ್ತಿರವೇ ಇರಲಿ. 50 ಕಿ.ಮೀ. ಆದ ಮೇಲೆ ಆಕ್ಸಲ್ ನಟ್ಟು, ರಿಂಗ್ ಬೋಲ್ಟ್, ಕ್ರ್ಯಾಂಕ್ ಬೋಲ್ಟ್ ಮತ್ತೊಮ್ಮೆ ಬಿಗಿದು ನೋಡಿ. ಹೊಸ ಚೈನು ಮೊದಲ ಕೆಲವು ಸವಾರಿಯಲ್ಲೇ ಒಂದಿಷ್ಟು ಸಡಿಲವಾಗುತ್ತದೆ, ಅರ್ಧ ಇಂಚಿನ ಪರೀಕ್ಷೆಯನ್ನು ಆಗ ಇನ್ನೊಮ್ಮೆ ಮಾಡಿ.